ಹರಕೆ ಕಾದೀತು, ವ್ಯಾಧಿ ಕಾಯದು



ಮನೆಯಲ್ಲಿ ಒಬ್ಬರಿಗೆ ಕಠಿಣ ವ್ಯಾಧಿ ಇದೆಯೆಂದು ತಿಳಿದ ದಿನ ಆ ಮನೆ ಎರಡು ಪಾಲಾಗುವುದನ್ನು ನಾನು ಅನೇಕ ಸಲ ಕಂಡಿದ್ದೇನೆ. ಮಕ್ಕಳು ಹುಬ್ಬಳ್ಳಿಗೋ ಬೆಂಗಳೂರಿಗೋ ಒಯ್ಯೋಣವೆನ್ನುತ್ತಾರೆ. ಹಿರಿಯರು ಮೊದಲು ಮಠಕ್ಕೆ ಹೋಗಿ ಬರೋಣ, ಹರಕೆ ಮುಟ್ಟಿಸೋಣವೆನ್ನುತ್ತಾರೆ. ಒಬ್ಬರು ಇನ್ನೊಬ್ಬರನ್ನು ನಾಸ್ತಿಕರೆಂದೂ ಮೂಢರೆಂದೂ ಭಾವಿಸತೊಡಗುತ್ತಾರೆ. ರೋಗಿಯು ಇಬ್ಬರ ನಡುವೆ ಮೌನವಾಗಿ ಕುಳಿತಿರುತ್ತಾನೆ. ಈ ವಾದ ಮುಗಿಯುವುದರೊಳಗೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದುಹೋಗುತ್ತವೆ. ಭಕ್ತಿಗೂ ಚಿಕಿತ್ಸೆಗೂ ನಿಜವಾಗಿ ಜಗಳವುಂಟೆ? ಇಲ್ಲವಾದರೆ ಯಾವುದರ ಸ್ಥಾನ ಯಾವುದು? ಈ ಸಂಚಿಕೆಯಲ್ಲಿ ಈ ವಿಷಯವನ್ನು ವಿಚಾರಿಸೋಣ.

ಹಿಂದೆ ನಮ್ಮ ಭಾಗದಲ್ಲಿ ದೂರವೇ ದೊಡ್ಡ ಅಡ್ಡಿಯಾಗಿತ್ತು. ಚಕ್ಕಡಿಯಲ್ಲಿ ರೋಗಿಯನ್ನು ಮಲಗಿಸಿಕೊಂಡು ಗದಗಿಗೆ ಬರುವುದೇ ಒಂದು ಸಾಹಸವಾಗಿತ್ತು. ಈಗ ನಮ್ಮ ಮಲ್ಲಸಮುದ್ರದಲ್ಲಿಯೇ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ಕರೆದರೆ 108 ವಾಹನ ಬರುತ್ತದೆ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಗೆ ಅವಕಾಶವಿದೆ. ದೂರ ಕಡಿಮೆಯಾಗಿದೆ. ಆದರೂ ತಡವಾಗಿ ಬರುವ ರೋಗಿಗಳು ಕಡಿಮೆಯಾಗಿಲ್ಲ. "ಶ್ರಾವಣ ಮುಗೀಲಿ ಡಾಕ್ಟರ, ಆಮ್ಯಾಲ ನೋಡೂಣು" ಎಂಬ ಮಾತನ್ನು ಇಂದಿಗೂ ಕೇಳುತ್ತಿದ್ದೇನೆ. ಹಾಗಾದರೆ ಈಗಿನ ಅಡ್ಡಿ ದಾರಿಯಲ್ಲಿಲ್ಲ, ನಮ್ಮ ತಿಳಿವಳಿಕೆಯಲ್ಲಿದೆ.

ಚರಕರು ತೋರಿದ ಮೂರು ದಾರಿ

ಆಯುರ್ವೇದವೆಂದರೆ ಮಂತ್ರವೂ ಬೇರುನಾರೂ ಸೇರಿದ ಹಳೆಯ ಪದ್ಧತಿಯೆಂದು ಕೆಲವರು ತಿಳಿದಿದ್ದಾರೆ. ಚರಕಸಂಹಿತೆಯ ಸೂತ್ರಸ್ಥಾನದ ಹನ್ನೊಂದನೆಯ ಅಧ್ಯಾಯವನ್ನು ಓದಿದವರು ಹಾಗೆ ಹೇಳಲಾರರು. ಮನುಷ್ಯನಿಗೆ ಮೂರು ಏಷಣೆಗಳು, ಅಂದರೆ ಬಯಕೆಗಳು ಇರಬೇಕೆಂದು ಅಲ್ಲಿ ಹೇಳಿದೆ. ಮೊದಲನೆಯದು ಪ್ರಾಣೈಷಣೆ, ಎರಡನೆಯದು ಧನೈಷಣೆ, ಮೂರನೆಯದು ಪರಲೋಕೈಷಣೆ. ಈ ಕ್ರಮವನ್ನು ಗಮನಿಸಬೇಕು. ಪರಲೋಕವನ್ನು ನಂಬಿದ ಋಷಿಯೇ ಪ್ರಾಣರಕ್ಷಣೆಯನ್ನು ಮೊದಲಿಗೆ ಇರಿಸಿದ್ದಾನೆ. ಪ್ರಾಣ ಹೋದರೆ ಉಳಿದೆಲ್ಲವೂ ಹೋದಂತೆಯೇ ಎಂಬುದು ಅಲ್ಲಿನ ಕಾರಣ.

ಅದೇ ಅಧ್ಯಾಯದಲ್ಲಿ ಚಿಕಿತ್ಸೆಯನ್ನು ಮೂರು ಬಗೆಯಾಗಿ ವಿಂಗಡಿಸಿದೆ. ದೈವವ್ಯಪಾಶ್ರಯ ಎಂಬುದು ಮಂತ್ರ, ನಿಯಮ, ಉಪವಾಸ, ಪ್ರಣಾಮ, ತೀರ್ಥಯಾತ್ರೆ ಮೊದಲಾದವು. ಆ ಪಟ್ಟಿಯಲ್ಲಿರುವ ಬಲಿ, ಹೋಮಗಳು ಶರಣಧರ್ಮಕ್ಕೆ ಒಗ್ಗುವಂಥವಲ್ಲ. ಯುಕ್ತಿವ್ಯಪಾಶ್ರಯ ಎಂಬುದು ಕಾರಣವನ್ನು ವಿಚಾರಿಸಿ ಆಹಾರ ಔಷಧಿಗಳನ್ನು ಯೋಜಿಸುವುದು. ಸತ್ತ್ವಾವಜಯ ಎಂಬುದು ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದಕ್ಕೆ ಸೆಳೆದು ಅದಕ್ಕೆ ಬಲ ತುಂಬುವುದು. ಮೂರಕ್ಕೂ ಬೇರೆ ಬೇರೆ ಹೆಸರು ಕೊಟ್ಟುದರಲ್ಲಿಯೇ ಒಂದು ಅರ್ಥವಿದೆ. ಒಂದು ಇನ್ನೊಂದರ ಕೆಲಸವನ್ನು ಮಾಡುತ್ತದೆಯೆಂದು ಚರಕರು ಎಲ್ಲಿಯೂ ಹೇಳಿಲ್ಲ. ಒಕ್ಕಲುತನದಲ್ಲಿ ಬಿತ್ತುವ ಹದವನ್ನು ತಪ್ಪಿಸಿಕೊಂಡು ಮಳೆಗಾಗಿ ಎಷ್ಟು ಪ್ರಾರ್ಥಿಸಿದರೂ ಕಾಳು ಮೊಳೆಯುವುದಿಲ್ಲ. ಪ್ರಾರ್ಥಿಸುತ್ತಲೇ ಕೂರಿಗೆ ಹೂಡುವವನು ಜಾಣ ಒಕ್ಕಲಿಗ.

ಒಂದೇ ಹಳದಿ, ಎರಡು ವ್ಯಾಧಿ

ಇದನ್ನು ಒಂದು ಉದಾಹರಣೆಯಿಂದ ತಿಳಿಯೋಣ. ನಮ್ಮಲ್ಲಿ ಕಾಮಣಿಯೆಂದು ಕರೆಯುವ ಕಾಮಾಲೆಗೆ ಊರೂರಿನಲ್ಲಿಯೂ ಔಷಧಿ ಕೊಡುವವರಿದ್ದಾರೆ. ಕೆಲವರು ಬೇರು ಅರೆದು ಕೊಡುತ್ತಾರೆ, ಕೆಲವರು ಮಂತ್ರಿಸಿದ ಸರ ಕಟ್ಟುತ್ತಾರೆ. ಬಹಳ ಜನರಿಗೆ ವಾಸಿಯೂ ಆಗುತ್ತದೆ. ಏಕೆಂದರೆ ಕಲುಷಿತ ನೀರಿನಿಂದ ಬರುವ ಸಾಮಾನ್ಯ ಕಾಮಾಲೆಯು ವಿಶ್ರಾಂತಿ ಮತ್ತು ಪಥ್ಯದಿಂದ ಕೆಲವು ವಾರಗಳಲ್ಲಿ ಹೆಚ್ಚಿನವರಲ್ಲಿ ತಾನಾಗಿಯೇ ಇಳಿಯುತ್ತದೆ. ಕೀರ್ತಿ ಮಾತ್ರ ಸರಕ್ಕೆ ಸಲ್ಲುತ್ತದೆ.

ಆದರೆ ಇನ್ನೊಂದು ಬಗೆಯ ಕಾಮಾಲೆಯಿದೆ. ಯಕೃತ್ತಿನಿಂದ ಕರುಳಿಗೆ ಪಿತ್ತರಸವನ್ನು ಒಯ್ಯುವ ನಾಳದಲ್ಲಿ ಕಲ್ಲೋ ಗಡ್ಡೆಯೋ ಅಡ್ಡಬಂದರೆ ಪಿತ್ತವು ಕರುಳಿಗೆ ಇಳಿಯದೆ ರಕ್ತಕ್ಕೆ ತಿರುಗುತ್ತದೆ. ಚರಕರು ಚಿಕಿತ್ಸಾಸ್ಥಾನದಲ್ಲಿ ಇದನ್ನು ಬೇರೆಯಾಗಿಯೇ ವರ್ಣಿಸಿದ್ದಾರೆ. ಪಿತ್ತದ ದಾರಿ ಕಟ್ಟಿಕೊಂಡವನ ಮಲವು ಅರೆದ ಎಳ್ಳಿನ ಹಿಟ್ಟಿನ ಬಣ್ಣಕ್ಕೆ ತಿರುಗುತ್ತದೆಂದು ಅವರು ಗುರುತಿಸಿದ್ದರು. ಎಷ್ಟು ಸೂಕ್ಷ್ಮವಾದ ಅವಲೋಕನ! ಇಂದಿಗೂ ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದು ಒಂದು. ಮಲ ಬಿಳಿಚಿಕೊಂಡಿದ್ದು, ಮೂತ್ರ ಕಡುಹಳದಿಯಾಗಿ, ಮೈಯೆಲ್ಲ ತುರಿಕೆಯಿದ್ದು, ಚಳಿಜ್ವರವೂ ಬಂದರೆ ಅದು ಬೇರಿನ ಔಷಧಿಗೆ ಕಾಯುವ ಕಾಮಣಿಯಲ್ಲ. ಕಟ್ಟಿಕೊಂಡ ನಾಳವನ್ನು ತೆರೆಯಲೇಬೇಕು. ತಡಮಾಡಿದರೆ ಸೋಂಕು ರಕ್ತಕ್ಕೆ ಹರಡಿ ಪ್ರಾಣಕ್ಕೆ ಕುತ್ತು ಬರುತ್ತದೆ.

ಸಿದ್ಧಗಂಗೆಯ ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರನ್ನು ಕೊನೆಯ ವರ್ಷಗಳಲ್ಲಿ ಕಾಡಿದುದು ಪಿತ್ತನಾಳದ ಇಂಥದೇ ತೊಂದರೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ನಾಳಕ್ಕೆ ಸ್ಟೆಂಟುಗಳನ್ನು ಅಳವಡಿಸಲಾಯಿತು. ಮತ್ತೆ ತೊಂದರೆಯಾದಾಗ 2018ರ ಡಿಸೆಂಬರಿನಲ್ಲಿ ಚೆನ್ನೈನ ಡಾ. ರೇಲಾ ಸಂಸ್ಥೆಯಲ್ಲಿ ಡಾ. ಮೊಹಮ್ಮದ್ ರೇಲಾ ಅವರ ತಂಡ ಶಸ್ತ್ರಚಿಕಿತ್ಸೆ ನಡೆಸಿತು. ಆಗ ಪೂಜ್ಯರಿಗೆ ನೂರ ಹನ್ನೊಂದರ ವಯಸ್ಸು. ಜೀವನಪೂರ್ತಿ ತ್ರಿಕಾಲ ಲಿಂಗಪೂಜೆಯಲ್ಲಿ ನಿರತರಾಗಿದ್ದ ಶ್ರೀಗಳು ಆಸ್ಪತ್ರೆಯಲ್ಲಿಯೂ ಪೂಜೆಯನ್ನು ಮರೆಯಲಿಲ್ಲ. ಚಿಕಿತ್ಸೆಯಿಂದ ತಮ್ಮ ನಿಷ್ಠೆಗೆ ಕುಂದು ಬರುತ್ತದೆಂದು ಅವರು ಎಣಿಸಲಿಲ್ಲ. ಶಸ್ತ್ರ ಹಿಡಿದ ಕೈ ಯಾವ ಮತದ್ದೆಂದೂ ಅಲ್ಲಿ ಪ್ರಶ್ನೆ ಬರಲಿಲ್ಲ. ಚಿಕಿತ್ಸೆಯ ಬಳಿಕ ಮಠಕ್ಕೆ ಮರಳಿದ ಅವರು 2019ರ ಜನವರಿ 21ರಂದು ಲಿಂಗೈಕ್ಯರಾದರು. ಅಷ್ಟು ದೊಡ್ಡ ಶಿವಯೋಗಿಗಳು ವೈದ್ಯರಿಗೆ ದೇಹವನ್ನು ಒಪ್ಪಿಸಿದರೆಂದ ಮೇಲೆ, ಆಸ್ಪತ್ರೆಗೆ ಹೋದರೆ ಭಕ್ತಿ ಕಡಿಮೆಯಾಯಿತೆಂದು ನಾವು ನೀವು ಅಳುಕುವುದು ಏಕೆ?

ವ್ಯಾಧಿಗೂ ಒಂದು ನಡಿಗೆಯಿದೆ

ಸುಶ್ರುತರು ರೋಗದ ಬೆಳವಣಿಗೆಯನ್ನು ಆರು ಹಂತಗಳಲ್ಲಿ ವಿವರಿಸಿದ್ದಾರೆ: ಸಂಚಯ, ಪ್ರಕೋಪ, ಪ್ರಸರ, ಸ್ಥಾನಸಂಶ್ರಯ, ವ್ಯಕ್ತಿ, ಭೇದ. ಮೊದಲ ಹಂತದಲ್ಲಿಯೇ ತಡೆದರೆ ಶ್ರಮ ಕಡಿಮೆ. ಹಂತ ಏರಿದಂತೆಲ್ಲ ರೋಗದ ಬಲ ಹೆಚ್ಚು. ವ್ಯಾಧಿಗಳಲ್ಲಿ ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಅಸಾಧ್ಯವೆಂಬ ಭೇದಗಳೂ ಇವೆ. ಸುಲಭವಾಗಿ ವಾಸಿಯಾಗುವುದು, ಕಷ್ಟದಿಂದ ವಾಸಿಯಾಗುವುದು, ವಾಸಿಯಾಗದಿದ್ದರೂ ಔಷಧಿ ಪಥ್ಯಗಳಿಂದ ಹಿಡಿತದಲ್ಲಿಡಬಹುದಾದುದು, ಚಿಕಿತ್ಸೆ ಮೀರಿದುದು ಎಂದು ಇವುಗಳ ಅರ್ಥ. ಇಂದು ಸುಖಸಾಧ್ಯವಾಗಿರುವುದು ಉಪೇಕ್ಷೆಯಿಂದ ನಾಳೆ ಅಸಾಧ್ಯವಾಗುತ್ತದೆ. ಆದುದರಿಂದಲೇ ಹರಕೆ ಕಾದೀತು, ವ್ಯಾಧಿ ಕಾಯದು ಎನ್ನುತ್ತೇನೆ. ಹೊತ್ತ ಹರಕೆಯನ್ನು ಗುಣವಾದ ಮೇಲೆ ತೀರಿಸಿದರೆ ಪರಮಾತ್ಮ ಮುನಿಯುವುದಿಲ್ಲ.

ಕಾಯದಿರುವ ಕೆಲವು ಲಕ್ಷಣಗಳನ್ನು ಭಕ್ತರು ನೆನಪಿನಲ್ಲಿಡಬೇಕು. ಬಾಯಿಯೊಳಗೆ ಮೂರು ವಾರವಾದರೂ ಮಾಯದ ಹುಣ್ಣು ಅಥವಾ ಬಿಳಿಯ ಕಲೆ. ತಂಬಾಕು, ಗುಟಕಾ ಹಾಕುವವರಲ್ಲಂತೂ ಇದು ಎಚ್ಚರಿಕೆಯ ಗಂಟೆ. ತಾಯಂದಿರಲ್ಲಿ ಎದೆಯಲ್ಲಿ ನೋವಿಲ್ಲದ ಗಂಟು. ಮುಟ್ಟು ನಿಂತ ಮೇಲೆ ಮತ್ತೆ ಕಾಣುವ ರಕ್ತಸ್ರಾವ. ನೋವಿಲ್ಲವೆಂಬ ಕಾರಣಕ್ಕಾಗಿಯೇ ನಮ್ಮ ಅಕ್ಕತಂಗಿಯರು ಇವನ್ನು ಮುಚ್ಚಿಡುತ್ತಾರೆ. ಎರಡು ವಾರ ಮೀರಿದ ಕೆಮ್ಮಿಗೆ ಕಫಪರೀಕ್ಷೆ ಆಗಲೇಬೇಕು. ಎದೆ ಹಿಂಡಿದಂತಾಗಿ ಬೆವರು ಕಿತ್ತುಬಂದರೆ ತಕ್ಷಣವೇ ಹೊರಡಬೇಕು. ಬಾಯಿ ಸೊಟ್ಟಗಾಗಿ, ಒಂದು ಕೈ ಸೋತು, ಮಾತು ತೊದಲಿದರೆ ಅದು ಲಕ್ವ. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸುಗಳೊಳಗೆ ಕೊಡಬೇಕಾಗುತ್ತದೆ. ಲಕ್ವ ಹೊಡೆದವರನ್ನು ಮೊದಲು ಎಣ್ಣೆ ತಿಕ್ಕುವವರ ಬಳಿಗೆ ಒಯ್ದರೆ ಆ ಸಮಯ ಅಲ್ಲಿಯೇ ಮುಗಿದುಹೋಗುತ್ತದೆ. ಹಾವು ಕಚ್ಚಿದಾಗ ವಿಷಕ್ಕೆ ಪ್ರತಿಯಾದ ಚುಚ್ಚುಮದ್ದು ಬೇಕೇ ಬೇಕು. ಹಾವು, ಚೇಳು, ನಾಯಿ ಕಚ್ಚಿದವರನ್ನು ಚಿಕಿತ್ಸೆಗೆ ಹೋಗದಂತೆ ತಡೆದು ಮಂತ್ರ ಹಾಕುವುದನ್ನು ಕರ್ನಾಟಕದ 2017ರ ಕಾಯ್ದೆಯೇ ನಿಷೇಧಿಸಿದೆ.

ಆಚರಣೆ ಮತ್ತು ಆರೈಕೆ

ಚಿಕಿತ್ಸೆ ಪಡೆಯುತ್ತಿರುವ ಭಕ್ತರಿಗೆ ನಿತ್ಯಾಚರಣೆಯ ಬಗ್ಗೆ ಅನೇಕ ಸಂದೇಹಗಳು ಬರುತ್ತವೆ. ವೈದ್ಯನಾಗಿ ನಾನು ಹೇಳಬಹುದಾದುದನ್ನು ಹೇಳುತ್ತೇನೆ. ಆಚಾರದ ವಿಷಯದಲ್ಲಿ ಪೂಜ್ಯ ಶ್ರೀಗಳವರ ಅಪ್ಪಣೆಯೇ ಪ್ರಮಾಣ.

ಶಸ್ತ್ರಚಿಕಿತ್ಸೆಯ ಕೋಣೆಗೆ, ಎಂಆರ್‌ಐ ಪರೀಕ್ಷೆಗೆ ಹೋಗುವಾಗ ಕೊರಳಿನ ಶಿವದಾರ, ಬೆಳ್ಳಿಯ ಕರಡಿಗೆಗಳನ್ನು ತೆಗೆಯಲು ಹೇಳುತ್ತಾರೆ. ಇದರಿಂದ ನೊಂದು ಶಸ್ತ್ರಚಿಕಿತ್ಸೆಯನ್ನೇ ಬೇಡವೆಂದವರನ್ನು ನಾನು ಬಲ್ಲೆ. ಮೊದಲೇ ಪೂಜೆ ಮುಗಿಸಿ, ಇಷ್ಟಲಿಂಗವನ್ನು ಶುಚಿಯಾದ ವಸ್ತ್ರದಲ್ಲಿ ಕಟ್ಟಿ, ಲಿಂಗಧಾರಿಯಾದ ಮನೆಯವರೊಬ್ಬರ ಕೈಗೆ ಒಪ್ಪಿಸಬಹುದು. ಇಷ್ಟಲಿಂಗದೊಂದಿಗೆ ಪ್ರಾಣಲಿಂಗ, ಭಾವಲಿಂಗಗಳನ್ನೂ ತಿಳಿಸಿಕೊಟ್ಟ ಧರ್ಮ ನಮ್ಮದು. ಅರಿವಳಿಕೆಯ ನಿದ್ರೆಯಲ್ಲಿಯೂ ಅವು ಅಗಲುವುದಿಲ್ಲ.

ಅರಿವಳಿಕೆ ಕೊಡುವ ಮುನ್ನ ಹೊಟ್ಟೆ ಬರಿದಾಗಿರಬೇಕು. ಇಲ್ಲವಾದರೆ ಹೊಟ್ಟೆಯಲ್ಲಿದ್ದುದು ಶ್ವಾಸನಾಳಕ್ಕೆ ನುಗ್ಗುವ ಅಪಾಯವಿದೆ. ಅಂದಿನ ಪಾದೋದಕ ಪ್ರಸಾದಗಳನ್ನು ಎಷ್ಟು ಹೊತ್ತಿಗೆ ಸ್ವೀಕರಿಸಬಹುದೆಂದು ಮುಂಚಿತವಾಗಿ ಕೇಳಿರಿ, ಸ್ವೀಕರಿಸಿದ್ದರೆ ಮುಚ್ಚಿಡಬೇಡಿರಿ. ಕ್ಯಾನ್ಸರಿಗೆ ಕಿಮೋಥೆರಪಿ ಪಡೆಯುತ್ತಿರುವವರಲ್ಲಿ ರೋಗವನ್ನು ಎದುರಿಸುವ ಶಕ್ತಿ ಕುಗ್ಗಿರುತ್ತದೆ. ಅವರಿಗೆ ಪಾದೋದಕಕ್ಕೆ ಕುದಿಸಿ ಆರಿಸಿದ ನೀರನ್ನು ಬಳಸಬೇಕು. ಜಾತ್ರೆಯ ನೂಕುನುಗ್ಗಲಿಗೆ ಅವರು ಬರಬಾರದು. ಮನೆಯಿಂದಲೇ ಕೈಮುಗಿದರೆ ಸಾಕು. ಮೂತ್ರಪಿಂಡ ಸೋತು ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಎಳನೀರು, ಬಾಳೆಹಣ್ಣುಗಳಲ್ಲಿರುವ ಪೊಟ್ಯಾಸಿಯಂ ಹೆಚ್ಚಾದರೆ ಹೃದಯದ ಬಡಿತವೇ ಏರುಪೇರಾದೀತು. ಪ್ರಸಾದವೆಂದು ಕೊಟ್ಟಾಗ ಕಣ್ಣಿಗೊತ್ತಿಕೊಂಡು ಮನೆಯವರಿಗೆ ಕೊಡಬಹುದು. ಸಕ್ಕರೆ ಕಾಯಿಲೆಯವರು ದಾಸೋಹದ ಗೋಧಿಹುಗ್ಗಿಯನ್ನು ಒಂದು ತುತ್ತು ಸ್ವೀಕರಿಸಿದರೂ ಪ್ರಸಾದವೇ, ಎರಡು ಬಟ್ಟಲು ಉಂಡರೂ ಪ್ರಸಾದವೇ. ತುತ್ತು ಸಾಕೆಂದು ತಿಳಿಯುವುದು ಜಾಣತನ.

ವಿಭೂತಿಗೆ ಹಣೆಯೇ ಸ್ಥಾನ. ಸುಟ್ಟಗಾಯ, ಶಸ್ತ್ರಚಿಕಿತ್ಸೆಯ ಗಾಯ, ನವಜಾತ ಶಿಶುವಿನ ಹೊಕ್ಕಳುಗಳ ಮೇಲೆ ಅದನ್ನು ಹಚ್ಚಬಾರದು. ಶ್ರಾವಣದ ಸೋಮವಾರ, ಶಿವರಾತ್ರಿಗಳ ಉಪವಾಸದಂದು ಇನ್ಸುಲಿನ್ ಅಥವಾ ಸಕ್ಕರೆಯ ಮಾತ್ರೆಯನ್ನು ಎಂದಿನಂತೆ ತೆಗೆದುಕೊಂಡು ಊಟ ಬಿಟ್ಟರೆ ರಕ್ತದಲ್ಲಿ ಸಕ್ಕರೆ ಕುಸಿಯುತ್ತದೆ. ಮೈ ನಡುಗಿ, ಬೆವರಿ, ಬುದ್ಧಿ ಮಂಕಾಗಿ ಎಚ್ಚರ ತಪ್ಪಬಹುದು. ಎಚ್ಚರವಿದ್ದಾಗಲೇ ಸಕ್ಕರೆಯನ್ನೋ ಬೆಲ್ಲವನ್ನೋ ತಿನ್ನಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಹಾಗೆಂದು ಉಪವಾಸದ ನೆಪದಲ್ಲಿ ಔಷಧಿಯನ್ನು ತಾವೇ ಬಿಡುವುದೂ ಅಪಾಯವೇ. ಉಪವಾಸಕ್ಕೆ ವಾರ ಮುಂಚೆ ವೈದ್ಯರನ್ನು ಕಾಣಿರಿ. ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಹೃದ್ರೋಗಿಗಳಿಗೂ ಇದೇ ಮಾತು.

ನಮ್ಮ ಪದ್ಧತಿಯ ಮಾತು

ಆಯುರ್ವೇದದ ವೈದ್ಯನಾಗಿ ನಮ್ಮವರ ಬಗ್ಗೆಯೂ ಹೇಳಬೇಕಾದುದಿದೆ. ಆಯುರ್ವೇದಕ್ಕೆ ದೊಡ್ಡ ಬಲವಿದೆ. ದೀರ್ಘಕಾಲದ ಅಜೀರ್ಣ, ಸಂಧಿನೋವು, ಚರ್ಮವ್ಯಾಧಿ, ಪಥ್ಯ, ದಿನಚರ್ಯೆ ಇವುಗಳಲ್ಲಿ ಅದರ ಉಪಕಾರ ನಿಜವಾದುದು. ಆದರೆ ಕ್ಯಾನ್ಸರನ್ನು ನಲವತ್ತು ದಿನಗಳಲ್ಲಿ ತೆಗೆಯುತ್ತೇನೆ, ಇನ್ಸುಲಿನ್ ಬಿಡಿಸುತ್ತೇನೆ, ಡಯಾಲಿಸಿಸ್ ನಿಲ್ಲಿಸುತ್ತೇನೆ ಎಂದು ಆಣೆ ಮಾಡುವವರಿಂದ ದೂರವಿರಿ. ಕ್ಯಾನ್ಸರ್, ಸಕ್ಕರೆ ಕಾಯಿಲೆ ಮೊದಲಾದವುಗಳಿಗೆ ಹೀಗೆ ಜಾಹೀರಾತು ಕೊಡುವುದನ್ನು 1954ರಷ್ಟು ಹಿಂದೆಯೇ ಕಾನೂನು ನಿಷೇಧಿಸಿದೆ. ಹೆಸರು, ವಿಳಾಸ, ಘಟಕಗಳ ಪಟ್ಟಿಯಿಲ್ಲದ ಪೊಟ್ಟಣದ ಪುಡಿಯಲ್ಲಿ ಸರಿಯಾಗಿ ಶೋಧನೆಯಾಗದ ಸೀಸ, ಪಾದರಸಗಳಿದ್ದರೆ ಮೂತ್ರಪಿಂಡಕ್ಕೇ ಹಾನಿ. ಯಾವ ಗಿಡಮೂಲಿಕೆ ತೆಗೆದುಕೊಳ್ಳುತ್ತಿದ್ದರೂ ದೊಡ್ಡಾಸ್ಪತ್ರೆಯ ವೈದ್ಯರಿಗೆ ಹೇಳಿರಿ. ಅಲ್ಲಿಯ ಔಷಧಿಗಳನ್ನು ನಿಮ್ಮ ಆಯುರ್ವೇದ ವೈದ್ಯರಿಗೂ ತೋರಿಸಿರಿ. ಇಬ್ಬರಲ್ಲಿ ಒಬ್ಬರಿಂದ ಮರೆಮಾಚಿದರೂ ನಷ್ಟ ನಿಮ್ಮದೇ.

ಹಾಗಾದರೆ ಭಕ್ತಿಯ ಕೆಲಸವೇನು?

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಚರಕರು ಹೇಳುತ್ತಾರೆ: ವೈದ್ಯ, ಔಷಧಿ, ಉಪಚಾರಕ ಮತ್ತು ರೋಗಿ. ರೋಗಿಗೆ ಇರಬೇಕಾದ ನಾಲ್ಕು ಗುಣಗಳು ನೆನಪು, ವೈದ್ಯನ ಮಾತಿನಂತೆ ನಡೆಯುವುದು, ಭಯವಿಲ್ಲದಿರುವುದು, ತನ್ನ ರೋಗವನ್ನು ಮುಚ್ಚುಮರೆಯಿಲ್ಲದೆ ಹೇಳುವುದು. ಈ ಗುಣಗಳನ್ನು ಯಾವ ಔಷಧಾಲಯದಲ್ಲಿಯೂ ಮಾರುವುದಿಲ್ಲ. ಇಲ್ಲಿಯೇ ಭಕ್ತಿಯ ಕೆಲಸ. ನಿಷ್ಠೆಯಿಂದ ದಿನಕ್ಕೆ ಮೂರು ಹೊತ್ತು ಪೂಜೆ ಮಾಡುವವನು ಮೂರು ಹೊತ್ತಿನ ಮಾತ್ರೆಯನ್ನೂ ಮರೆಯಲಾರ. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳು ಔಷಧಿ ನುಂಗಬೇಕು. ಎರಡು ತಿಂಗಳಿಗೆ ಕೆಮ್ಮು ನಿಂತಿತೆಂದು ಬಿಟ್ಟವರಲ್ಲಿ ಔಷಧಿಗೆ ಮಣಿಯದ ಕ್ಷಯ ಹುಟ್ಟುವ ಭಯವಿದೆ. ಆರು ತಿಂಗಳ ಆ ನೇಮವನ್ನೇ ಒಂದು ವ್ರತವೆಂದು ಹಿಡಿದು ಗುಣಮುಖರಾದವರಿದ್ದಾರೆ.

ಭಕ್ತಿಯಿಂದ ಧೈರ್ಯ ಬರಬೇಕು, ಅಪರಾಧಿಭಾವ ಬರಬಾರದು. "ನಾ ಏನ್ ಪಾಪ ಮಾಡೇನೋ, ಶಿವಾ ಹಿಂಗ ಮಾಡಿದ" ಎಂದು ಕಣ್ಣೀರಿಡುವವರು ಬಹಳ. ನೋಡಲು ಬಂದವರೂ ಯಾವುದೋ ಹರಕೆ ಬಾಕಿಯಿರಬೇಕೆಂದು ಗಾಯದ ಮೇಲೆ ಬರೆ ಎಳೆಯುತ್ತಾರೆ. ದಯೆಯೇ ಮೂಲವಾದ ಧರ್ಮದಲ್ಲಿ ಪರಶಿವನು ಸಾಲ ವಸೂಲಿ ಮಾಡುವವನಲ್ಲ. ವ್ಯಾಧಿಗೆ ದೇಹದಲ್ಲಿ ಕಾರಣಗಳಿವೆ. ಮಹಾತ್ಮರಿಗೂ ವ್ಯಾಧಿ ಬಂದಿದೆ. ಹನ್ನೆರಡನೆಯ ಶತಮಾನದ ಶರಣಗಣದಲ್ಲಿ ವೈದ್ಯ ಸಂಗಣ್ಣನವರಿದ್ದರು. ಅವರ ಕಾಯಕವೇ ವೈದ್ಯ, ಅವರ ವಚನಗಳ ತುಂಬ ರೋಗ, ಔಷಧಿಗಳ ಮಾತು. ಚಿಕಿತ್ಸೆಯು ಶಿವನ ಇಚ್ಛೆಗೆ ಅಡ್ಡಬರುವುದೆಂದು ಶರಣರು ಎಣಿಸಿದ್ದರೆ ವೈದ್ಯನಿಗೆ ಆ ಗಣದಲ್ಲಿ ಎಡೆ ಇರುತ್ತಿತ್ತೆ?

ಮನೆಯವರ ಭಕ್ತಿಗೂ ಕೆಲಸವಿದೆ. ಮಾತ್ರೆ ನೀಡುವುದು, ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿ ಮಲಗಿಸುವುದು, ಆಸ್ಪತ್ರೆಯ ಕಾಗದಗಳನ್ನು ಒಂದೆಡೆ ಜೋಡಿಸಿಡುವುದು, ಇವು ದಾಸೋಹವೇ.

ಔಷಧಿಯ ಕೈ ಮೀರಿದಾಗ

ಎಲ್ಲ ವ್ಯಾಧಿಗಳೂ ಗುಣವಾಗುವುದಿಲ್ಲ. ವಿಜಯಪುರದ ಜ್ಞಾನಯೋಗಾಶ್ರಮದ ಪೂಜ್ಯ ಶ್ರೀ ಸಿದ್ಧೇಶ್ವರ ಸ್ವಾಮಿಗಳವರು ತಮ್ಮ ಕೊನೆಯ ದಿನಗಳಲ್ಲಿ ಆಸ್ಪತ್ರೆಗೆ ಹೋಗಲು ಒಪ್ಪದೆ, ಆಶ್ರಮದಲ್ಲಿಯೇ ವೈದ್ಯರ ಆರೈಕೆಯಲ್ಲಿದ್ದು, 2023ರ ಜನವರಿ 2ರಂದು ದೇಹವನ್ನು ಬಿಟ್ಟರು. ತಮ್ಮ ದೇಹಕ್ಕೆ ಅಗ್ನಿಸ್ಪರ್ಶವಾಗಲಿ, ಸ್ಮಾರಕ ಬೇಡ ಎಂಬ ಇಚ್ಛೆಯನ್ನು ಅವರು 2014ರ ಗುರುಪೂರ್ಣಿಮೆಯಂದೇ ಬರೆದಿಟ್ಟಿದ್ದರು. ಸಿದ್ಧಗಂಗಾ ಶ್ರೀಗಳು ಶಸ್ತ್ರಚಿಕಿತ್ಸೆಯನ್ನು ಒಪ್ಪಿದರು, ಸಿದ್ಧೇಶ್ವರ ಶ್ರೀಗಳು ಆಸ್ಪತ್ರೆ ಬೇಡವೆಂದರು. ಇಬ್ಬರ ನಡೆಯೂ ಪೂಜ್ಯವೇ. ಇಬ್ಬರೂ ಹೆದರಲಿಲ್ಲ, ವೈದ್ಯರನ್ನು ದೂರವಿಡಲಿಲ್ಲ, ಸ್ವಂತ ಅರಿವಿನಿಂದ ನಡೆದರು.

ಆದರೆ ಎಂಬತ್ತು ದಾಟಿದ ಜ್ಞಾನಿಯೊಬ್ಬರ ಈ ನಿರ್ಧಾರವನ್ನು, ಗುಣವಾಗುವ ರೋಗವಿರುವ ನಲವತ್ತರ ತಾಯಿಯ ಮೇಲೆ ಹೇರಬಾರದು. ಹಾಗೆಯೇ, ಇನ್ನು ಗುಣವಾಗದೆಂದು ತಿಳಿದ ಮೇಲೆಯೂ ಹೊಲ ಮಾರಿ ಊರಿಂದೂರಿಗೆ ರೋಗಿಯನ್ನು ಅಲೆಸುವುದು ಕೂಡ ಪ್ರೀತಿಯ ಲಕ್ಷಣವಲ್ಲ. ಗುಣಪಡಿಸುವುದಕ್ಕೆ ಔಷಧಿ ಉಳಿದಿಲ್ಲವೆಂದ ಮಾತ್ರಕ್ಕೆ ನೋವು ತಗ್ಗಿಸುವುದಕ್ಕೂ ಇಲ್ಲವೆಂದಲ್ಲ. ಕ್ಯಾನ್ಸರಿನ ಘೋರ ನೋವಿಗೆ ವೈದ್ಯರ ನಿಗಾದಲ್ಲಿ ಕೊಡುವ ಮಾರ್ಫಿನ್ ಮಾತ್ರೆಗಳಿವೆ. ಉಬ್ಬಸ, ವಾಂತಿ, ನಿದ್ರಾಹೀನತೆಗಳಿಗೂ ಉಪಶಮನವಿದೆ. ಅದನ್ನು ಕೇಳಿ ಪಡೆಯಿರಿ. ನೋವು ತಗ್ಗಿದಾಗ ರೋಗಿಯು ಲಿಂಗವನ್ನು ಅಂಗೈಯಲ್ಲಿ ಹಿಡಿದು ಕೂರಬಲ್ಲ, ಮೊಮ್ಮಕ್ಕಳೊಡನೆ ನಾಲ್ಕು ಮಾತು ಆಡಬಲ್ಲ. ಆತನಿಗೆ ತನ್ನ ರೋಗದ ನಿಜವನ್ನು ಆತ ಕೇಳಿದಷ್ಟು, ತಾಳುವಷ್ಟು, ಮೃದುವಾಗಿ ತಿಳಿಸಬೇಕು. ಎಲ್ಲರಿಗೂ ಗೊತ್ತಿದ್ದು ಆತನೊಬ್ಬನಿಗೇ ಗೊತ್ತಿಲ್ಲದಂತೆ ನಟಿಸುವುದರಿಂದ ಆತ ತನ್ನ ಮನೆಯಲ್ಲಿಯೇ ಒಂಟಿಯಾಗುತ್ತಾನೆ. ಹೇಳಬೇಕಾದ ಮಾತು, ಕೇಳಬೇಕಾದ ಕ್ಷಮೆ, ಹಂಚಬೇಕಾದ ಆಸ್ತಿ ಎಲ್ಲವೂ ಹಾಗೆಯೇ ಉಳಿಯುತ್ತವೆ.

ಆದುದರಿಂದ ಸದ್ಭಕ್ತರಲ್ಲಿ ನನ್ನ ವಿನಂತಿಯಿಷ್ಟೇ. ವ್ಯಾಧಿಯ ಸುಳಿವು ಕಂಡ ದಿನವೇ ಪರೀಕ್ಷೆಗೆ ಹೋಗಿರಿ. ಹೊರಡುವ ಮುನ್ನ ವಿಭೂತಿ ಧರಿಸಿರಿ, ದಾರಿಯುದ್ದಕ್ಕೂ ಷಡಕ್ಷರಿಯನ್ನು ಜಪಿಸಿರಿ. ಅದಕ್ಕೆ ಯಾವ ವೈದ್ಯನ ಅಡ್ಡಿಯೂ ಇಲ್ಲ. ಶ್ರೀಮಠಕ್ಕೆ ಬಂದಾಗ ಆಸ್ಪತ್ರೆಯ ಚೀಟಿಯನ್ನೂ ಜೊತೆಗೆ ತನ್ನಿರಿ. ಪೂಜ್ಯರ ಆಶೀರ್ವಾದ ಪಡೆದ ಮೇಲೆ ಚೀಟಿಯಲ್ಲಿ ಬರೆದ ದಿನಾಂಕಕ್ಕೆ ಸರಿಯಾಗಿ ವೈದ್ಯರ ಮುಂದೆ ಕುಳಿತಿರಿ. ಎಲ್ಲರಿಗೂ ಆಯುರಾರೋಗ್ಯ ಲಭಿಸಲಿ.